ಪಂಕಜಳ ಫೋಲ್ಡರ್

೧೯೯೯ರ ಒಂದು ಸಂಜೆ ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಮುರುಗಮಲ್ಲದ ಬಸ್ಸಿಗೆ ಕಾಯುತ್ತಿದ್ದ ಕಮಲಮ್ಮ ಟೀಚರ್ ಕಿವಿಗೆ ಪಕ್ಕದಲ್ಲಿದ್ದ ಇಬ್ಬರ ಮಾತು ಬಿತ್ತು. ಇಬ್ಬರೂ ಒಂದೇ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕೆಲಸದವರು. ಪಂಕಜ ಹಳಬಳು, ವಜೀರುನ್ನೀಸಾ ಹೊಸಬಳು.

“ಮುಂಚೆ ಒಂದು ಲಗ್ನಪತ್ರಿಕೆ ಬೇಕಂದ್ರೂ ಫ್ಲಾಪಿ ಹಿಡ್ಕೊಂಡು ನನ್ ಹತ್ರಾನೇ ಬರ್ತಿದ್ದೆ,” ಎಂದಳು ಪಂಕಜ.

“ಈಗ ನನ್ ಲಿನಕ್ಸ್ ಕಂಪ್ಯೂಟರಿಂದಾನೇ ನಿಮ್ ಕಂಪ್ಯೂಟರಿನ ಫೋಲ್ಡರ್ ಓಪನ್ ಆಗುತ್ತಲ್ಲಕ್ಕ. ನಿಮಗ್ಯಾಕೆ ತೊಂದ್ರೆ ಅಂತ.”

“ಓನರ್ರೂ ಈಗ ಎಲ್ಲದಕ್ಕೂ ನಿನ್ನೇ ಕರೀತಾರೆ.”

ವಜೀರುನ್ನೀಸಾ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. “ಇವತ್ತು ನಿಮ್ ಫೋಲ್ಡರ್ ಓಪನ್ ಆಗ್ಲಿಲ್ಲಕ್ಕ. ಮಧ್ಯಾಹ್ನದವರೆಗೂ ಲಿನಕ್ಸ್ ಪುಸ್ತಕ ನೋಡ್ಕೊಂಡು ಒದ್ದಾಡ್ದೆ.”

“ಅದರ ಪಾಸ್‌ವರ್ಡ್ ಬದಲಾಯಿಸಿದ್ದು ನಾನೇ ಕಣೇ.”

“ಗೊತ್ತಾಯ್ತು.”

“ಮತ್ತೆ ಓನರ್‌ಗೆ ಏನಂದೆ?”

“ನಾನೇ ಪಾಸ್‌ವರ್ಡ್ ಮರ್ತುಬಿಟ್ಟೆ ಅಂದೆ. ಬೈಸ್ಕೊಂಡೆ.”

ಪಂಕಜ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಳು. ಅವಳ ಮುಖ ನೋಡಲು ಮುಜುಗರವಾಗಿ ಕಮಲಮ್ಮ ರಸ್ತೆಯ ಕಡೆ ತಿರುಗಿದರು.

ಕೆಂಚಾರ್ಲಹಳ್ಳಿ ಬಸ್ಸು ಬಂತು. ಪಂಕಜ ಹತ್ತಿ ಕೂತು, ಕಿಟಕಿಯಿಂದ ಬಗ್ಗಿ ಹೇಳಿದಳು.

“ನಾಳೆ ಬೇಗ ಬಾಮ್ಮ. ನಿನ್ ಕಂಪ್ಯೂಟರಲ್ಲಿ ಆ ಹೊಸ ಪಾಸ್‌ವರ್ಡ್ ನಾನೇ ಬಂದು ಹಾಕ್ಕೊಡ್ತೀನಿ. ಹಾಕೋವಾಗ ನೀನು ಆ ಕಡೆ ತಿರುಗಿರು.”