ಐಗಿಲ್ ಮಾವ ಕೆತ್ತಿದ ಕುರ್ಚಿ ಕೈ

ನಮ್ಮ ದೊಡ್ಡಪ್ಪನ ಮಗ ಆಸ್ಗರ್‌ಗೆ ಆದದ್ದು ಇದು. ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆ ಬಾಗಿಲು ಸ್ವಲ್ಪ ಮುಂದಕ್ಕೆ ಹಾಕಿ... ಹಾಂ, ಸಾಕು.

ಐವತ್ತೇಳನೇ ಇಸವಿ, ಡಿಸೆಂಬರ್. ಉತ್ತರದ ನಮ್ಮ ಫ್ಯೂನ್ ದ್ವೀಪದಲ್ಲಿ ಆಗ ನಾಲ್ಕು ಗಂಟೆಗೇ ಕತ್ತಲು. ಆಸ್ಗರ್ ಕುರ್ಚಿ ಕಾರ್ಖಾನೆಗೆ ಬೀಗ ಹಾಕಿ, ಊರ ಕೆರೆಯ ದಂಡೆ ಹಿಡಿದು ಮನೆಗೆ ಹೊರಟಿದ್ದ. ಕೆರೆ ಹೆಪ್ಪುಗಟ್ಟಿತ್ತು. ಕಾಲಿನ ಮರದ ಜೋಡು ಟೊಕ್... ಟೊಕ್... ಅಂತಿತ್ತು. ನಿಂತ. ಜೋಡಿನ ಸದ್ದೂ ನಿಂತಿತು. ಆದರೆ ಹಿಂದುಗಡೆ, ಬೀಗ ಹಾಕಿದ ಕಾರ್ಖಾನೆಯೊಳಗಿಂದ... ಸ್ರ್... ಸ್ರ್... ಟಕ್. ಸ್ರ್... ಸ್ರ್... ಟಕ್.

ಎರಡು ಸಲ ಅರದಿಂದ ಉಜ್ಜೋದು, ಆಮೇಲೆ ಅರವನ್ನ ಮೇಜಿಗೆ ಕುಟ್ಟಿ ಪುಡಿ ಉದುರಿಸೋದು. ಹಾಗೆ ಕೆಲಸ ಮಾಡೋನು ನಮ್ಮಲ್ಲಿ ಒಬ್ಬನೇ ಇದ್ದ, ಐಗಿಲ್ ಮಾವ. ಅವನನ್ನ ಮಣ್ಣು ಮಾಡಿ ಆಗಲೇ ಒಂಬತ್ತು ದಿನ.

ಮೂವತ್ತೊಂದು ವರ್ಷ ತೇಗದ ಕುರ್ಚಿಗಳಿಗೆ ಕೈ ಕೆತ್ತಿದೋನು ಅವನು. ಕಣ್ಣು ಮುಚ್ಚಿ ಅಂಗೈ ಆಡಿಸಿ, ಎಲ್ಲಿ ಕೂದಲೆಳೆಯಷ್ಟು ದಪ್ಪ ಉಳಿದಿದೆ ಅಂತ ಹೇಳ್ತಿದ್ದ. ಪೇಪರಿನಲ್ಲಿ ಹೆಸರು ಬರೋದು ಮಾತ್ರ ನಕ್ಷೆ ಬರೆದ ಮಹಾಶಯನದು. ಕುರ್ಚಿಗೆ ಕಾಸಿ ಒತ್ತೋದು ಯಜಮಾನ ಬ್ರಸ್ಕ್‌ನ ಮುದ್ರೆ. ಐಗಿಲ್ ಮಾವನಿಗೆ ಸಿಕ್ಕಿದ್ದು ಎದೆ ತುಂಬ ತೇಗದ ಪುಡಿ. ಅದರಲ್ಲೇ ಹೋದ. ನಾನು ಅಲ್ಲೇ ಕಾಗದದ ಹುರಿಯಲ್ಲಿ ಸೀಟು ಹೆಣೀತಿದ್ದೆ, ಅವನ ಕೆಮ್ಮು ದಿನವಿಡೀ ಕೇಳೋದು.

ಕೆಲಸಗಾರರಿಗೆ ಒಂದೇ ಒಂದು ಸುಖ ಇತ್ತು. ಎಣ್ಣೆ ಹಚ್ಚೋಕೆ ಮೊದಲು, ಕುರ್ಚಿ ಕೈಯ ಅಡಿಗೆ ಪೆನ್ಸಿಲ್‌ನಲ್ಲಿ ತಮ್ಮ ಹೆಸರು ಗೀಚೋರು. ಎಣ್ಣೆ ಕುಡಿದ ಮರಕ್ಕೆ ಪೆನ್ಸಿಲ್ ಹತ್ತಲ್ಲ ನೋಡಿ. ಯಜಮಾನನ ಕಣ್ಣಿಗೆ ಬಿದ್ದರೆ ಹೆರೆಸಿಬಿಡೋನು. ತನ್ನ ಕೊನೇ ಕುರ್ಚಿಗೆ, ಪ್ರದರ್ಶನಕ್ಕೆ ಹೋಗೋ ಕುರ್ಚಿಗೆ, ಐಗಿಲ್ ಮಾವ ಹೆಸರು ಬರೆದಿದ್ದ.

ಐಗಿಲ್ ಮಾವ ಆಸ್ಪತ್ರೆ ಸೇರಿದ ಮೇಲೆ ಬ್ರಸ್ಕ್ ಆಸ್ಗರ್‌ನ ಕರೆದ. "ಅದನ್ನ ಹೆರೆದು ಎಣ್ಣೆ ಹಚ್ಚು. ಮೇಸ್ತ್ರಿ ಕೆಲಸ ನಿಂಗೇ."

ಹೆರೆದ! ಉಳಿ ಹಿಡಿಯೋದು ಕಲಿಸಿದೋನ ಹೆಸರನ್ನೇ ಹೆರೆದ. ಸಾಲದ್ದಕ್ಕೆ ಆಸ್ಪತ್ರೆಗೆ ಹೋಗಿ ಸುಳ್ಳು ಬೇರೆ.

"ಇದೆಯೇನೋ ಹೆಸರು?" ಅಂತ ಕೇಳಿದ ಐಗಿಲ್ ಮಾವ, ಹಾಸಿಗೆಯಿಂದಲೇ.

"ಇದೆ ಮಾವ. ಯಾರು ಮುಟ್ತಾರೆ?"

"ಹಾಗಾದ್ರೆ ನಿಮ್ಮತ್ತೆಗೆ ತೋರ್ಸು. ಮೂವತ್ತೊಂದು ವರ್ಷ ಅಲ್ಲೇನು ಕಿಸಿದ್ರಿ ಅಂತ ಕೇಳ್ತಾನೇ ಇರ್ತಾಳೆ."

ಅವನ ಹೆಂಡತಿ, ರಿಗ್ಮೋರತ್ತೆ.

ಸರಿ. ಆ ಕತ್ತಲಲ್ಲಿ ಆಸ್ಗರ್ ವಾಪಸ್ ಹೋದ. ಬೀಗ ಹಾಕಿದ ಹಾಗೇ ಇತ್ತು. ತೆಗೆದ. ಸದ್ದು ನಿಂತಿತು. ಕಿಟಕಿಯ ಮಸುಕು ಬೆಳಕಲ್ಲಿ ನೋಡಿದರೆ, ಪ್ರದರ್ಶನದ ಕುರ್ಚಿಯಲ್ಲಿ ಯಾರೋ ಕೂತಿದ್ದಾರೆ... ಕೆಲಸದ ಅಂಗಿಯಲ್ಲೇ, ಐಗಿಲ್ ಮಾವ.

"ಓದೋ," ಅಂದ, ಪಿಸುದನಿಯಲ್ಲಿ. "ಕನ್ನಡಕ ಮನೇಲೇ ಉಳೀತು."

ಆಸ್ಗರ್ ಮಂಡಿಯೂರಿದ. ಕೈಯ ಅಡಿ ಬೆರಳಾಡಿಸಿದ. ನುಣ್ಣಗಿತ್ತು. ಆಗಲಾದರೂ ನಿಜ ಹೇಳಬಾರದಿತ್ತೇ ಅವನು? ಸತ್ತೋನ ಮುಂದೆಯೂ ಹೇಳಲಿಲ್ಲ, ಪಾಪಿ.

"ಐ... ಐಗಿಲ್ ಅಂತಿದೆ ಮಾವ."

"ಸರಿ ಹಾಗಾದ್ರೆ."

ನಾನು ಹೆಣೆದ ಸೀಟು ಕಿರ್ರ್... ಅಂತು, ಭಾರ ಎದ್ದ ಹಾಗೆ. ಕುರ್ಚಿ ಖಾಲಿ.

ಆಸ್ಗರ್ ದೀಪ ಹಚ್ಚಿದ. ಈಗಲೇ ಬರೆದುಬಿಡೋಣ ಅಂತ ಪೆನ್ಸಿಲ್ ತಗೊಂಡ. ಜಾರಿತು. ಎಣ್ಣೆಯ ಮರ ಅಂತ ಉಜ್ಜುಗೊರಡಿನಿಂದ ಒಂದು ಪದರ ಹೆರೆದು, ಎಣ್ಣೆ ಮುಟ್ಟದ ಮರದ ಮೇಲೆ ಒತ್ತಿ ಬರೆದ, ಐಗಿಲ್ ಅಂತ. ಗೀಟೇ ಮೂಡಲಿಲ್ಲ. ಮತ್ತೆ ಬರೆದ. ಇಲ್ಲ. ಥೂ, ಈ ಪೆನ್ಸಿಲ್ಲೇ ಸರಿಯಿಲ್ಲವೇನೋ ಅಂತ ಪರೀಕ್ಷೆಗೆ ತನ್ನ ಹೆಸರು ಗೀಚಿದ. ಕಪ್ಪಗೆ, ಅಚ್ಚುಕಟ್ಟಾಗಿ ಮೂಡಿತು.

ಗಾಬರಿಯಾಗಿ ಹೆರೆದ. ಹೋಗಲಿಲ್ಲ. ಹೆರೆದ, ಹೆರೆದ. ಇನ್ನೂ ಹೆರೆದರೆ ಕುರ್ಚಿ ಕೈ ಸವೆದು ಮುರೀತದೆ ಅನ್ನೋವಾಗ ನಿಲ್ಲಿಸಿ, ನನ್ನ ಮನೆ ಬಾಗಿಲು ಬಡಿದ. ನಡೆದದ್ದೆಲ್ಲ ಹೇಳಿದ. ನನಗೆ ಅಯ್ಯೋ ಅನ್ನಿಸಲಿಲ್ಲ.

ಜನವರಿಯಲ್ಲಿ ಪ್ರದರ್ಶನ. ರಿಗ್ಮೋರತ್ತೆ ತನ್ನಲ್ಲಿದ್ದ ಒಂದೇ ಒಳ್ಳೇ ಕೋಟು ಹಾಕ್ಕೊಂಡು ಬಂದಳು. ಜನ ನಕ್ಷೆಯ ಮಹಾಶಯನ ಕೈ ಕುಲುಕ್ತಿದ್ದರು. ಇವಳು ಸೀದಾ ಕುರ್ಚಿ ಹತ್ತಿರ ಹೋಗಿ ನನ್ನನ್ನ ಕರೆದಳು.

"ಡಾಗ್ನಿ, ಸ್ವಲ್ಪ ಹಿಡ್ಕೊಳೇ. ಮಂಡಿ ಬಗ್ಗಲ್ಲ ನಂಗೆ."

ಹಿಡಿದುಕೊಂಡೆ. ಬೇಡ ಅನ್ನೋಕೆ ಬಾಯಿ ಬರಲಿಲ್ಲ, ನನಗೂ ನಾಚಿಕೆಯಾಗಬೇಕು. ಬಗ್ಗಿ ನೋಡಿದಳು. ಅಲ್ಲಿದ್ದ ಹೆಸರಿನ ಮೇಲೆ ಬೆರಳಾಡಿಸಿದಳು. ಆಸ್ಗರ್ ಅಲ್ಲೇ ನಿಂತಿದ್ದ, ಮೇಸ್ತ್ರಿಯ ಹೊಸ ಕೋಟಿನಲ್ಲಿ.

"ಅತ್ತೆ, ನಾನು ಬೇಕೂಂತ ಬರೆದದ್ದಲ್ಲ..."

"ಸಾಯೋ ಹಿಂದಿನ ದಿನ ನಿಮ್ಮ ಮಾವ ಹೇಳಿದ್ರು ಕಣಪ್ಪ," ಅಂದಳು. "ಆಸ್ಗರ್ ಇದಾನೆ, ನನ್ನ ಹೆಸರು ಕಾಯ್ತಾನೆ ಅಂತ. ನೆಮ್ಮದಿಯಾಗಿ ಹೋದ್ರು."

ಕೊಟ್ಟ ಕಾಫಿ ಮುಟ್ಟಲಿಲ್ಲ. ನನ್ನ ಕೈಯನ್ನೂ ಬಿಡಿಸಿಕೊಂಡು ಹೊರಟುಹೋದಳು.

ಆಸ್ಗರ್‌ಗೆ ತಲೆ ಕೆಟ್ಟಿತ್ತು, ಹೆರೆಯೋಕೇ ಹೋಗಿರಲಿಕ್ಕಿಲ್ಲ ಅಂತೀರಿ. ಅನ್ನಿ. ಆದರೆ ಆ ರಾತ್ರಿಯ ಮಾರನೇ ಬೆಳಿಗ್ಗೆ ಕಾರ್ಖಾನೆಯ ನೆಲ ಗುಡಿಸಿದೋಳು ನಾನು. ಕುರ್ಚಿಯ ಕೆಳಗೆ ಹೆರೆದ ಮರದ ಹನ್ನೊಂದು ತೆಳು ಸಿಪ್ಪೆ ಬಿದ್ದಿದ್ದವು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೊದಲನೇದು ಬರೀ ಎಣ್ಣೆಯದು. ಮಿಕ್ಕ ಹತ್ತರಲ್ಲೂ ಆಸ್ಗರ್ ಅಂತ ಪೆನ್ಸಿಲ್‌ನಲ್ಲಿ ಬರೆದಿತ್ತು.