ಒಲೆಯ ಹಿಂದಿನ ಗೋಡೆ

ಬೇಡ, ಏಳಬೇಡಿ ಅತ್ತೆ. ಕೂತಲ್ಲೇ ಕೂತಿರಿ. ನೀವು ಅಡುಗೆಮನೆಗೆ ಕಾಲಿಟ್ಟದ್ದು ಸಾಕು. ಅಬ್ಬಬ್ಬಾ... ಕಿಟಕಿ ಪರದೆ ಅರ್ಧ ಇಲ್ಲ, ಮೇಲಿನ ಕಪಾಟಿನ ಬಾಗಿಲು ಇದ್ದಿಲು! ಇನ್ನೊಂದು ಚೂರು ಹೊತ್ತು ಬಿಟ್ಟಿದ್ರೆ... ಬಿಡಿ. ಬಾಯಲ್ಲಿ ಆಡೋದೂ ಬೇಡ. ಅಯ್ಯೋ, ಫ್ಯಾನ್ ಹಾಕಬೇಡಿ! ಹೊಗೆ ಕಿಟಕಿಯಿಂದಲೇ ಹೋಗಲಿ. ಫ್ಯಾನ್ ಬೇಡ ಅಂದೆನಲ್ಲ!

ಎಲ್ಲಿ, ಕೈ ತೋರಿಸಿ. ...ಇದೇನಿದು ಬಿಳೀದು? ಟೂತ್‌ಪೇಸ್ಟಾ? ಸುಟ್ಟ ಅಂಗೈಗೆ ಟೂತ್‌ಪೇಸ್ಟು! ಈಗಷ್ಟೇ ಮಹಿಳಾ ಸಂಘದಲ್ಲಿ ಇದನ್ನೇ ಹೇಳಿ ಬಂದೆ: ಸುಟ್ಟ ಗಾಯಕ್ಕೆ ತಣ್ಣೀರು, ತಣ್ಣೀರೊಂದೇ. ಚಪ್ಪಾಳೆ ಬಿತ್ತು, ಗೊತ್ತಾ? ಮನೆಯಲ್ಲಿ ಬೆಂಕಿ ತಡೆಯೋದು ಹೇಗೆ ಅಂತ ಊರಿಗೆಲ್ಲ ಪಾಠ ಹೇಳಿ ಬಂದು ಬಾಗಿಲು ತೆಗೆದ್ರೆ, ನನ್ನ ಮನೇಲೇ ಹೊಗೆ! ...ಯಾಕೆ ನಗ್ತೀರಿ? ನಕ್ಕಿಲ್ವಾ? ಮತ್ತೆ ತುಟಿ ಯಾಕೆ ಹಾಗೆ ಕಚ್ಚಿದ್ರಿ? ಉರಿಯುತ್ತಾ? ಉರಿಯದೆ ಇನ್ನೇನು! ಕೈ ಇದರಲ್ಲಿ ಇಡಿ. ನೀರಲ್ಲಿ... ಹಾಂ. ತೆಗೀಬೇಡಿ.

ಒಂದು ಮಾತ್ರ ಒಪ್ಪಬೇಕು. ಹೊಗೆಗೆ ಎದ್ದವರು ಗಾಬರಿಯಲ್ಲಿ ನೀರು ಸುರೀಲಿಲ್ಲ. ಒಲೆ ಆರಿಸಿ, ಬಾಣಲೆ ಮೇಲೆ ತಟ್ಟೆ ಮುಚ್ಚಿದ್ರಿ. ಉರಿಯೋ ಎಣ್ಣೆಗೆ ನೀರು ಬಿದ್ದಿದ್ರೆ ಇವತ್ತು ನೀವೂ ಇಲ್ಲ, ಮನೆಯೂ ಇಲ್ಲ. ಯಾರು ಹೇಳಿಕೊಟ್ರು? ನಾನು ಕನ್ನಡಿ ಮುಂದೆ ಭಾಷಣ ಒಪ್ಪಿಸುವಾಗ ಕೇಳಿಸಿಕೊಂಡಿರಬೇಕು. ಕಿವಿಗೇನೂ ಕಡಿಮೆಯಿಲ್ಲ ನಿಮಗೆ!

ಆದ್ರೆ ಎಣ್ಣೆ ಇಟ್ಟು ಹೋಗಿ ಮಲಗೋದು ಅಂದ್ರೆ... ಈ ವಯಸ್ಸಲ್ಲಿ! ಏನು ಕರಿಯೋಕೆ ಹೊರಟಿದ್ರಿ? ಡಾಕ್ಟರು ಬೇಡ ಅಂದ ಮೇಲೆ ಅಮ್ಮ ಕರಿದದ್ದನ್ನ ಮೂಸಿಯೂ ನೋಡಿಲ್ಲ ಅಂತ ನಿಮ್ಮ ಮಗ ಎಲ್ಲರೆದುರೂ ಹೊಗಳ್ತಾರೆ. ನಾಲಿಗೆ ಕೇಳಬೇಕಲ್ಲ! ಮಾತಾಡಿ... ಹೂಂ. ಮೌನಂ ಸಮ್ಮತಿ ಲಕ್ಷಣಂ.

ಅವರಿಗೆ ಫೋನ್ ಮಾಡಿ ಹೇಳಿಯಾಯ್ತು. ಅಮ್ಮ ಒಲೆ ಮೇಲೆ ಎಣ್ಣೆ ಇಟ್ಟು ಮರೆತಿದ್ದಾರೆ ಅಂತ. ನಿಮ್ಮ ಮಗಳಿಗೂ ಹೇಳಿದ್ದೀನಿ, ಕರ್ಕೊಂಡು ಹೋಗೋಕೆ ಹೊರಟಿದ್ದಾಳೆ. ಇನ್ನು ಮೇಲೆ ಅಲ್ಲೇ ಇರಿ. ...ಹಾಗೆ ನೋಡಬೇಡಿ. ಅವಳ ಮನೇಲಿ ನಿಮಗೊಂದು ಕೋಣೆಯಿಲ್ಲ, ಹಾಲ್‌ನಲ್ಲಿ ಸೋಫಾ ಮೇಲೆ ಮಲಗಬೇಕು, ಟಿವಿ ಆರೋ ತನಕ ಕಣ್ಣು ಮುಚ್ಚೋ ಹಾಗಿಲ್ಲ... ಎಲ್ಲಾ ಗೊತ್ತು ನನಗೆ. ಮರೆವಿನವರನ್ನ ಒಲೆ ಇರೋ ಮನೇಲಿ ಒಂಟಿಯಾಗಿ ಬಿಟ್ಟು ನಾನು ಹೊರಗೆ ಹೋಗೋದು ಹೇಗೆ? ನೀವೇ ಹೇಳಿ.

ಏನದು, ಅಡುಗೆಮನೆ ಕಡೆ ಕಣ್ಣು? ಓಹೋ, ಗೋಡೆ! ನಿಮ್ಮ ಅತ್ತೆಯ ಗೋಡೆ! ಹೇಳಿ, ಹೇಳಿ, ಇನ್ನೊಂದು ಸಲ ಹೇಳಿಬಿಡಿ. ಪಕ್ಕದ ಮನೆ ಬೆಂಕಿ ನಾಲಿಗೆ ಚಾಚಿಕೊಂಡು ಬಂತು, ನಿಮ್ಮತ್ತೆ ಊರಿನ ಹಳೇ ಮನೆಯ ಒಲೆಯ ಹಿಂದಿನ ಗೋಡೆಗೆ ಅಂಗೈಯಿಟ್ಟು ‘ನಿಲ್ಲು’ ಅಂದ್ರು, ಬೆಂಕಿ ನಿಂತೇಬಿಡ್ತು! ನಾನು ಮದುವೆಯಾಗಿ ಬಂದಾಗ ನಿಮ್ಮ ಕಥೆಯಲ್ಲಿ ಆ ಬೆಂಕಿ ಕಿಟಕಿಯಷ್ಟು ಎತ್ತರ ಇತ್ತು. ಈಗ ತೆಂಗಿನಮರ ದಾಟಿದೆ. ಅಲ್ಲ ಅತ್ತೆ, ಅದು ಕಲ್ಲಿನ ಗೋಡೆ. ಕಲ್ಲು ಉರಿಯಲ್ಲ. ‘ನಿಲ್ಲು’ ಅನ್ನೋ ಬದಲು ‘ಬಾ’ ಅಂದಿದ್ರೂ ಅಲ್ಲೇ ನಿಲ್ತಿತ್ತು!

ಅದಕ್ಕೇ ಮನೆಯಿಂದ ಹೊರಗೆ ಹೊರಡೋರೆಲ್ಲ ಒಲೆ ಮೇಲೆ ಬಗ್ಗಿ ಗೋಡೆ ಮುಟ್ಟಿಯೇ ಹೋಗಬೇಕಂತೆ. ಅದೂ ಇಲ್ಲಿ, ಮೂರನೇ ಮಹಡಿಯ ಟೈಲ್ಸ್ ಗೋಡೆ! ಓದಿದ ಮಗ, ಟೈ ಕಟ್ಟಿಕೊಂಡು, ಹೋಗಿ ಟೈಲ್ಸಿಗೆ ಕೈ ಒತ್ತಿ ಆಫೀಸಿಗೆ ಹೋಗ್ತಾರೆ. ನಾನು ಮುಟ್ಟಲ್ಲ ಅಂತ ಮೊದಲೇ ಹೇಳಿದ್ದೀನಿ. ಇವತ್ತೂ ಮುಟ್ಟಿಲ್ಲ. ನೇರ ಚಪ್ಪಲಿ ಮೆಟ್ಟಿ ಹೊರಟೆ, ನೀವು ಮಲಗಿದ್ರಿ, ಒಲೆ...

ಒಲೆ ಆರಿತ್ತು.

ಮಡಿಲಲ್ಲಿ ಏನದು? ಟವೆಲ್ಲಿನಲ್ಲಿ ಏನು ಸುತ್ತಿಟ್ಟುಕೊಂಡಿದ್ದೀರಿ? ಬಿಚ್ಚಿ.

...ಈ ಬಾಟಲಿ. ಇದು ಎಲ್ಲಿ... ಒಲೆ ಪಕ್ಕದಲ್ಲೇ ಇತ್ತಾ?

ಕೂದಲಿಗೆ ಹಚ್ಚೋ ಎಣ್ಣೆ. ಹೌದು. ಬೇರು ಹಾಕಿ ಸಣ್ಣ ಉರೀಲಿ ಕಾಯಿಸೋದು. ಯಾರು ಬೇಕಾದ್ರೂ ಕಾಯಿಸಬಹುದು. ನೀವೂ... ಯಾಕೆ ನನ್ನ ತಲೆ ನೋಡ್ತೀರಿ? ನೋಡಬೇಡಿ! ಆ ಕಡೆಯಿಂದ ಬಾಚಿ ಈ ಕಡೆಗೆ ತಂದು ಪಿನ್ನು ಹಾಕೋದು ಎಷ್ಟು ಕಷ್ಟ, ನಿಮಗೇನು ಗೊತ್ತು? ಈ ವಯಸ್ಸಲ್ಲೂ ನಿಮ್ಮ ಜಡೆ ಹಗ್ಗದ ಹಾಗಿದೆ! ಅಷ್ಟು ಜನರೆದುರು ವೇದಿಕೆ ಮೇಲೆ ಫ್ಯಾನ್ ಕೆಳಗೆ ನಿಲ್ಲಬೇಕಿತ್ತು, ಒಂದು ಚೂರು ಹಚ್ಚಿಕೊಂಡು ಹೋಗೋಣ ಅಂತ... ಸಂಘದ ಕಾರು ಬಂದುಬಿಡ್ತು. ಕೆಳಗೆ ಹಾರನ್ ಮೇಲೆ ಹಾರನ್...

ನಿಮ್ಮ ಮಗ ಫೋನಿನಲ್ಲಿ ಕೇಳಿದಾಗ ಯಾಕೆ ಹೇಳಲಿಲ್ಲ ನೀವು? ಬಾಟಲಿ ಕೈಯಲ್ಲೇ ಇತ್ತಲ್ಲ! ಹೇಳಿ, ಅತ್ತೆ. ಬೈಯಿರಿ. ಒಂದು ಮಾತಾದ್ರೂ ಬೈದುಬಿಡಿ...

ಬೆಲ್ಲು. ನಿಮ್ಮ ಮಗಳು ಬಂದಳು.

ಏನು ಮಾಡ್ತಿದ್ದೀರಿ? ಬಾಟಲಿ ನಿಮ್ಮ ಚೀಲದೊಳಗೆ ಯಾಕೆ? ಅದನ್ನ ತಗೊಂಡು ಹೋಗಿ... ಅತ್ತೆ! ಎಲ್ಲಿಗೆ ಎದ್ರಿ? ಅತ್ತ ಯಾಕೆ? ಬಾಗಿಲು ಈ ಕಡೆ.

ಬೇಡ. ಆ ಕೈಯಲ್ಲಿ ಗೋಡೆ ಮುಟ್ಟಬೇಡಿ. ಬಿಸಿ ಇನ್ನೂ ಆರಿರಲಿಕ್ಕಿಲ್ಲ.

...ನನಗೆ ಹೇಗೆ ಗೊತ್ತು ಅಂತ ನೋಡ್ತೀರಾ? ಭಾಷಣದ ಮಧ್ಯದಲ್ಲಿ ನೆನಪಾಯ್ತು, ಅತ್ತೆ. ಓಡಿ ಬಂದೆ. ನಿಮ್ಮನ್ನ ಕೂಗೋಕೂ ಮೊದಲು, ಬಂದವಳೇ ಹೋಗಿ ಆ ಗೋಡೆಯನ್ನೇ ಮುಟ್ಟಿದೆ.