ಕೋರ್ಟಿನ್ಯಾಗ ಹೇಳಿದ ಒಡಪು

…ಟ್ರಾಮಾ ಅಂತೀಯಲ್ಲ ಮೀರಾ, ಅದಕ್ಕ ಅಂಥಾದೊಂದು ಹೆಸರು ಅದ ಅಂತ ನನಗ ಆವಾಗ ಎಲ್ಲಿ ಗೊತ್ತಿತ್ತು. ಬ್ಲ್ಯಾಕ್ ಹೆಣ್ಣಮಕ್ಕಳು ಬರೆದ ಕಾದಂಬರಿ ಮ್ಯಾಲೆ ಕಾಲೇಜಿಗೆ ಪೇಪರು ಬರೀಲಿಕ್ಕೆ ಹತ್ತೀಯಂತ ನಿಮ್ಮಮ್ಮ ಹೇಳಿದ್ಲು, ಅದಕ್ಕ ಹೇಳ್ತೀನಿ ಕೇಳು. ಎಂಬತ್ತರ ದಶಕ, ಅಮೆರಿಕಾದಾಗ ಇದೇ ಫ್ರೀಮಾಂಟು. ನಿಮ್ಮಮ್ಮಗ ನಾಕು ವರ್ಷ, ಅಲ್ಲ, ಐದು ತುಂಬಿತ್ತು. ಸಂಜಿಗೆ ಗರಾಜಿನ ಬಾಗಿಲ ಸದ್ದಾತು ಅಂದ್ರ ನನ್ನ ಕೈಯಾಗಿನ ಸೌಟು ಕೆಳಗ ಬೀಳೂದು. ಸೌಟು ಬಿತ್ತು ಅಂತ ಅದಕ್ಕೂ ಹೊಡ್ತ. ನಿಮ್ಮಜ್ಜ ಅನಿಸ್ಕೊಂಡಾಂವ ಹೊಡದು, ಕೈ ತೊಳಕೊಂಡು, ಊಟಕ್ಕ ಕೂತು, ಸಾರಿಗೆ ಉಪ್ಪು ಕಡಿಮಿ ಆಗ್ಯದ ಅಂತಿದ್ದ.

ಏನಂದಿ? "ವೈ ಡಿಡ್ನ್ಟ್ ಯು ಜಸ್ಟ್ ಲೀವ್" ಅಂತೀಯಾ? ಎಲ್ಲಿಗೆ ಹೋಗ್ಲಿ? ಕಾರು ಅವಂದು, ವೀಸಾ ಅವಂದು, ಫೋನಿನ್ಯಾಗ ಮಾತಾಡೂ ಮಂದಿ ಎಲ್ಲಾ ಅವನ ಗೆಳ್ಯಾರು. ನಡಕೋತ ಹೋಗ್ಲಿಕ್ಕೆ ಇದ್ದದ್ದು ಲೈಬ್ರರಿ ಒಂದೇ. ಅಲ್ಲಿ ಡೆಲ್ಲಾ ಅಂತ ಲೈಬ್ರರಿಯನ್, ಎತ್ತರದ ಬ್ಲ್ಯಾಕ್ ಹೆಣ್ಣಮಗಳು, ಬುಧವಾರ ಮಧ್ಯಾಹ್ನ ಐದಾರು ಮಂದೀನ ಕೂಡಿಸಿ ಪುಸ್ತಕ ಓದಸ್ತಿದ್ಲು. ನನಗೂ ಬ್ಲ್ಯಾಕ್ ಹೆಣ್ಣಮಗಳೊಬ್ಬಾಕಿ ಬರದ ಕಾದಂಬರಿ ಒಂದು ಕೊಟ್ಲು, ರಟ್ಟು ಹರದಿತ್ತು. ಅದರಾಗ ಅರ್ಲೀನ್ ಅಂತ ಒಬ್ಬಾಕಿ, ಲಾಂಡ್ರಿಯಾಗ ಇಸ್ತ್ರಿ ಮಾಡಾಕಿ. ಗಂಡ ಬಾಗಲದಾಗ ಬೂಟು ಬಿಚ್ಚೂ ಸದ್ದಿಗೆ ಅಕಿ ಉಸಿರು ಹಿಡ್ಕೋತದ. ಓದಿದವ್ಳೇ ಪಟ್ಟನ ಮುಚ್ಚಿಟ್ಟೆ. ನಮ್ಮನಿ ಸುದ್ದಿ ಈ ಪುಸ್ತಕ ಬರದಾಕಿಗೆ ಯಾರು ಹೇಳಿದ್ರು ಅಂತ ಸಿಟ್ಟು ಬಂತು ನೋಡು. ಮರುದಿನ ಮತ್ತ ತಗದು ಪೂರಾ ಓದಿದೆ. ಕಡೀಕ ಅರ್ಲೀನ್ ಚರ್ಚಿನ್ಯಾಗ ಎಲ್ಲಾರ ಮುಂದ ಎದ್ದು ನಿಂತು, ನನ್ನ ಹೊಡದಾಂವ ಇಂಥಾಂವ ಅಂತ ಹೆಸರು ಹಿಡದು ಹೇಳ್ತಾಳ. ಆ ಬುಧವಾರ ಒಬ್ಬಾಕಿ "ಪೂರ್ ಥಿಂಗ್" ಅಂದ್ಲು. ಅಲ್ಲೀತನಕ ಬಾಯಿ ಬಿಡದಿದ್ದ ನಾನು, ನನ್ನ ಹರಕು ಇಂಗ್ಲಿಷಿನ್ಯಾಗ, "ಪಾಪ ಅನಬ್ಯಾಡ್ರಿ ಅಕಿಗೆ. ಅಷ್ಟು ಬಡಸ್ಕೊಂಡೂ ದಿನಾ ಮುಂಜಾನೆ ಎದ್ದು ಇಸ್ತ್ರಿ ಹಿಡೀತಾಳ, ಅದು ಕಾಣಂಗಿಲ್ಲೇನು ನಿಮಗ?" ಅಂದೆ. ಡೆಲ್ಲಾ ನನ್ನ ನೀಲಿಗಟ್ಟಿದ ಮಣಿಕಟ್ಟು ನೋಡಿದ್ಲು. ಎಲ್ಲಾರೂ ಹೋದ ಮ್ಯಾಲೆ, "ನಿನ್ನ ಹೊಡದಾಂವನ ಹೆಸರೇನು?" ಅಂದ್ಲು. ನಮ್ಮೊಳಗ ಗಂಡನ ಹೆಸರು ಹೇಳಂಗಿಲ್ಲ, ಹೇಳಿದ್ರ ಅವನ ಆಯುಷ್ಯ ಕಡಿಮಿ ಆಗ್ತದ ಅಂದೆ. ಅಕಿ ನಗಲಿಲ್ಲ. "ಮತ್ತ ನಿನ್ನ ಆಯುಷ್ಯ?" ಅಂದ್ಲು, ಅಷ್ಟೇ.

ಮುಂದ ಅಂವ ನಿಮ್ಮಮ್ಮನ ಮ್ಯಾಲೆ ಕೈ ಎತ್ತಿದ. ಅವತ್ತು ಕೂಸಿನ್ನ ಎತಗೊಂಡು ಡೆಲ್ಲಾನ ಮನಿಗೆ ಹೋದೆ. ಅಂವ ನಮ್ಮ ಹತ್ರ ಸುಳಿಬಾರದು ಅಂತ ಕೋರ್ಟಿನ ಕಾಗದ ಬೇಕಿತ್ತು. ಅರ್ಜಿಯಾಗ ಅವನ ಹೆಸರು ನಾನೇ ಬರದೆ, ಬರೀಲಿಕ್ಕೆ ಏನೂ ಅನಸಲಿಲ್ಲ. ಬಾಯಿಲೆ ಹೇಳೂದಂದ್ರ ಬ್ಯಾರೆ. ಜಡ್ಜು ಕೇಳಿದ್ರು, "ನಿಮ್ಮನ್ನ ಹೊಡದವರು ಯಾರು?" "ಮೈ ಡಾಟರ್ಸ್ ಫಾದರ್" ಅಂದೆ. "ಹೆಸರು ಹೇಳ್ರಿ." "ನಮ್ಮನಿಯವ್ರು" ಅಂದೆ, ಕನ್ನಡದಾಗ! ಜಡ್ಜು ಕನ್ನಡಕ ತಗದಿಟ್ರು. "ಅರ್ಜಿಯಾಗ ಬರದದ್ದು ಸಾಲದು, ನೀವು ಬಾಯಿಲೆ ಹೇಳದಿದ್ರ ನನಗ ಏನೂ ಮಾಡ್ಲಿಕ್ಕೆ ಬರೂದಿಲ್ಲ" ಅಂದ್ರು. ಅಂವ ಅಲ್ಲೇ ಎದುರಿಗೆ ಕೂತು ಸಣ್ಣಗ ನಗ್ಲಿಕ್ಕೆ ಹತ್ತಿದ್ದ. ಇಕಿ ಬಾಯಾಗ ನನ್ನ ಹೆಸರು ಬರಂಗಿಲ್ಲ ಅಂತ ಅವಂಗ ಖಾತ್ರಿ. ಆ ನಗು ನೋಡಿ ನನಗ ಮೈಯೆಲ್ಲಾ ಉರೀತು. ಒಡಪು ಗೊತ್ತಲ್ಲ ನಿನಗ, ಮದುವಿಯೊಳಗ ನಮ್ಮ ಕಡೆ ಹೆಣ್ಣಮಕ್ಕಳು ಪದ ಕಟ್ಟಿ, ಅದರಾಗ ಗಂಡನ ಹೆಸರು ಸೇರಿಸಿ ಹೇಳ್ತಾರ? ಅವತ್ತಿನ ತನಕ ಅವನ ಹೆಸರು ನಾ ಹೇಳಿದ್ದು ಹಂಗೊಂದೇ ಸಲ, ನನ್ನ ಮದುವಿಯೊಳಗ. ಸೆರಗು ಸಿಗಿಸ್ಕೊಂಡು ಎದ್ದು ನಿಂತೆ. "ಬಾಗಲಾ ತಗದು ಹೊರಗ ಬಂದೆ, ಮಗಳನ ಬಗಲಾಗ ಎತಗೊಂಡೆ, ಗುರುರಾಜರಾಯರು ಹೊಡದದ್ದು ಸಾಕು, ಇನ್ನ ಹೆದರಂಗಿಲ್ಲ ಅಂದೆ."

ಅಲ್ಲಿ ಕನ್ನಡ ತಿಳಿಯೂದು ಅವನೊಬ್ಬಗ, ಅವನ ನಗು ಹೋತು. "ಇಂಗ್ಲಿಷಿನ್ಯಾಗ ಹೇಳ್ರಿ" ಅಂದ್ರು ಜಡ್ಜು. ಒಮ್ಮೆ ಬಾಯಿಂದ ಬಿದ್ದ ಮ್ಯಾಲೆ ಇನ್ನೇನದ? "ಗುರುರಾಜ್" ಅಂದೆ. ರಾಯರಿಲ್ಲ, ಏನಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಎರಡು ಸಲ ಹೇಳಿದೆ. ಕಾಗದ ಸಿಕ್ತು.

ಗರಾಜಿನ ಸದ್ದಿಗೆ ಇವತ್ತಿಗೂ ಎದಿ ಧಸಕ್ ಅಂತದ, ಸುಳ್ಳ್ಯಾಕ ಹೇಳ್ಲಿ. ಅನ್ಲಿ. ಸೌಟು ಬೀಳಂಗಿಲ್ಲ. ಇನ್ನ ಅವನ ಆಯುಷ್ಯ ಅಂದ್ರ, ಇನ್ನೊಂದು ಮದುವಿ ಆಗಿ, ಹಲ್ಲೆಲ್ಲಾ ಉದುರೂತನಕ ಬದುಕಿದ. ಬಡದಾಂವನ ಮರ್ಯಾದಿ ಕಾಯೂದು ಬಡಸ್ಕೊಂಡಾಕಿ ಕೆಲಸ ಅಲ್ಲ ಮೀರಾ. ಬರಕೋ ಅದನ್ನ ನಿನ್ನ ಪೇಪರಿನ್ಯಾಗ.